ಡಿಸ್ಕ್ ಗಾಲ್ಫ್ ಕೋರ್ಸುಗಳ ಸ್ಟಾರ್ ನಂಬಬಹುದಾ? ನಿಮ್ಮ ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ನಾವಿರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಈ ಬೇಸಿಗೆಯಿಂದ ಮನೆಮಂದಿಯೆಲ್ಲ ಡಿಸ್ಕ್ ಗಾಲ್ಫ್ ಆಡಲು ಶುರು ಮಾಡಿದ್ದೇವೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಪ್ಲಾಸ್ಟಿಕ್ ಡಿಸ್ಕನ್ನು ಎಸೆದು, ಸರಪಳಿ ಇಳಿಬಿಟ್ಟ ಬುಟ್ಟಿಯೊಳಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸುವ ಆಟ ಇದು. ಹೆಚ್ಚಿನ ಕೋರ್ಸುಗಳು, ಅಂದರೆ ಆಡುವ ಜಾಗಗಳು, ಸಾರ್ವಜನಿಕ ಪಾರ್ಕುಗಳಲ್ಲೇ ಇರುತ್ತವೆ, ದುಡ್ಡೂ ಇಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಮಗಳಿಗೆ ಎಂಟು ವರ್ಷ. ಆಪ್‌ನಲ್ಲಿ 4.6 ಸ್ಟಾರ್ ಇದ್ದ ಕೋರ್ಸ್ ನೋಡಿ ಎಲ್ಲರನ್ನೂ ಕರೆದುಕೊಂಡು ಹೋದೆವು. ಬರೀ ಕಾಡು, ಬೇರು, ಇಳಿಜಾರು. ಅಮ್ಮನಿಗೆ ಕೂರಲು ಒಂದು ಬೆಂಚ್ ಕೂಡ ಇರಲಿಲ್ಲ. ಅರ್ಧಕ್ಕೇ ವಾಪಸ್ ಬಂದೆವು. ಮನೆ ಹತ್ತಿರದ 9 ಬುಟ್ಟಿಯ ಕೋರ್ಸಿಗೆ 3.1 ಇದೆ. ಅಲ್ಲಿ ಅಪ್ಪನೂ ಆಡಿದರು, ಮಗಳೂ ಕುಣಿದಾಡಿದಳು. ಈ ಸ್ಟಾರ್‌ಗಳನ್ನು ನೀವೆಲ್ಲ ಹೇಗೆ ಓದುತ್ತೀರಿ? ನಾವು ಸ್ಟಾರ್ ಕೊಡುವಾಗ ಏನನ್ನು ನೋಡಿ ಕೊಡಬೇಕು?

ಶಾರ್ಲೆಟ್‌ನಿಂದ:

ನಾನೂ ನಿಮ್ಮ ರಾಜ್ಯದವನೇ. ನಮ್ಮ ಕಡೆ ಒಳ್ಳೆಯ ಕೋರ್ಸ್ ಅಂದರೆ ಮರಗಳ ನಡುವೆ ಇರಬೇಕು, ಕಷ್ಟ ಇರಬೇಕು ಅನ್ನುವ ಅಭಿಪ್ರಾಯ ಆಟಗಾರರಲ್ಲಿ ಗಟ್ಟಿಯಾಗಿದೆ. 2012ರಲ್ಲಿ ವೃತ್ತಿಪರರ ವಿಶ್ವ ಚಾಂಪಿಯನ್‌ಶಿಪ್ ಇಲ್ಲೇ ನಡೆದಿತ್ತು. ಇಂಥ ಊರಲ್ಲಿ ರಿವ್ಯೂ ಬರೆಯುವವರು ಯಾರು? ವಾರವಾರ ಆಡುವವರು, ಲೀಗ್‌ನಲ್ಲಿ ಇರುವವರು, ಚೀಲದಲ್ಲಿ ಹದಿನೈದು ಇಪ್ಪತ್ತು ಡಿಸ್ಕ್ ಹೊತ್ತು ತಿರುಗುವವರು. ಅವರಿಗೆ ಚಿಕ್ಕ ಕೋರ್ಸ್ ಬೇಜಾರು. ಅವರು ಕೊಟ್ಟ 3.1 ಸುಳ್ಳಲ್ಲ, ಅವರ ಮಟ್ಟಿಗೆ ಅದು ನಿಜವೇ. ಆದರೆ ಮೊಮ್ಮಗಳ ಜೊತೆ ಬಂದ ಅಜ್ಜ ಆಪ್ ತೆರೆದು ಸ್ಟಾರ್ ಒತ್ತುವುದಿಲ್ಲ, ಅಲ್ವಾ? ಹಾಗಾಗಿ ಅವರ ಖುಷಿ ಲೆಕ್ಕಕ್ಕೇ ಬರುವುದಿಲ್ಲ. ಇದೇ ದೊಡ್ಡ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು, ತವರು ಕೋರ್ಸಿನ ಅಭಿಮಾನ. ಕೋರ್ಸ್ ಕಟ್ಟುವವರು, ಪೊದೆ ಕಡಿಯುವವರು, ಟೀಗೆ, ಅಂದರೆ ನಿಂತು ಮೊದಲ ಎಸೆತ ಎಸೆಯುವ ಜಾಗಕ್ಕೆ, ಕಾಂಕ್ರೀಟ್ ಹಾಕುವವರು ಎಷ್ಟೋ ಕಡೆ ಊರಿನ ಸ್ವಯಂಸೇವಕರೇ. ಬೆವರು ಸುರಿಸಿದ ಜಾಗಕ್ಕೆ ಅವರು 5 ಕೊಟ್ಟೇ ಕೊಡುತ್ತಾರೆ. ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಓದುವ ನಮಗೆ ಅದು ಗೊತ್ತಿದ್ದರೆ ಸಾಕು.

ಬಾಸ್ಟನ್ ಕಡೆಯಿಂದ:

ನಾನು ಮೊದಲು ನೋಡುವುದು ಯಾವ ಟೀಯಿಂದ ಆಡಿದರು ಅಂತ. ನಮ್ಮ ಕಡೆ ಲೆಸ್ಟರ್‌ನಲ್ಲಿ ಮೇಪಲ್ ಹಿಲ್ ಇದೆ. ಕ್ರಿಸ್‌ಮಸ್ ಮರ ಬೆಳೆಯುವ ತೋಟದಲ್ಲಿ ಮಾಡಿದ ಕೋರ್ಸ್. ಯುಡಿಸ್ಕ್ ಆಪ್‌ನವರು ಪ್ರತಿ ವರ್ಷ ಮಾಡುವ ಜಗತ್ತಿನ ಅತ್ಯುತ್ತಮ ಕೋರ್ಸುಗಳ ಪಟ್ಟಿಯಲ್ಲಿ ಮೇಲುಗಡೆಯೇ ಇರುತ್ತದೆ. ಅಲ್ಲಿ ಕೆಂಪು, ಬಿಳಿ, ನೀಲಿ, ಚಿನ್ನದ ಬಣ್ಣ ಅಂತ ನಾಲ್ಕು ಥರ ಟೀಗಳು. ಕೆಂಪಿನಿಂದ ಹೊಸಬರೂ ಆಡಬಹುದು. ಚಿನ್ನದ ಬಣ್ಣದ್ದು ದೊಡ್ಡ ಟೂರ್ನಿಗಳಿಗೆ. ಕೊಳ ದಾಟಿಸಿ ಎಸೆಯಬೇಕು, ನಮ್ಮಂಥವರ ಡಿಸ್ಕ್ ನೀರುಪಾಲು. ಒಂದೇ ಜಾಗ, ನಾಲ್ಕು ಬೇರೆ ಬೇರೆ ಅನುಭವ. ಸ್ಟಾರ್ ಮಾತ್ರ ಒಂದೇ.

ಅಲ್ಲಿ ದುಡ್ಡು ಕೊಟ್ಟು ಆಡಬೇಕು. ಬೇರೆ ರಾಜ್ಯದಿಂದ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುವವರು ಆಸೆಪಟ್ಟೇ ಬಂದಿರುತ್ತಾರೆ. ಪಾರ್ಕಿನ ಕೋರ್ಸಿಗೆ ಸುಮ್ನೆ ದಾರಿಯಲ್ಲಿ ನುಗ್ಗಿದವರೂ ಸ್ಟಾರ್ ಕೊಡುತ್ತಾರೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಮೇಪಲ್ ಹಿಲ್ ನಿಜಕ್ಕೂ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ.

ಡಲ್ಲಾಸ್‌ನಿಂದ:

ಎಷ್ಟು ಜನ ಕೊಟ್ಟಿದ್ದಾರೆ ಅಂತಲೂ ನೋಡಿ. ನಾನೊಂದು ಲೆಕ್ಕ ಹಾಕಿಕೊಳ್ಳುತ್ತೇನೆ. ಪ್ರತಿ ಕೋರ್ಸಿಗೂ ಮೊದಲೇ ಹತ್ತು ಜನ 3.5 ಕೊಟ್ಟಿದ್ದಾರೆ ಅಂತ ಇಟ್ಟುಕೊಳ್ಳುವುದು. ಹೊಸ ಕೋರ್ಸಿಗೆ ಮೂರೇ ಜನ 5 ಕೊಟ್ಟು ರೇಟಿಂಗ್ 5.0 ಇದೆ ಅನ್ನಿ. ಆ ಹತ್ತು ಜನರನ್ನು ಸೇರಿಸಿದರೆ 3.85ಕ್ಕೆ ಇಳಿಯುತ್ತದೆ. ಇನ್ನೂರು ಜನ ಸೇರಿ 4.4 ಕೊಟ್ಟ ಕೋರ್ಸ್ 4.36ರಲ್ಲೇ ನಿಲ್ಲುತ್ತದೆ. ಯಾವುದರ ಮೇಲೆ ಭರವಸೆ ಇಡಬಹುದು ಅಂತ ಆಗ ಸ್ಪಷ್ಟವಾಗುತ್ತದೆ.

ತಾರೀಖು ಮರೆಯಬೇಡಿ. ಬುಟ್ಟಿಗಳ ಜಾಗ ಬದಲಾದ ಮೇಲೂ ಹಳೆಯ ಸ್ಟಾರ್‌ಗಳು ಸರಾಸರಿಯಲ್ಲಿ ಉಳಿದುಕೊಂಡಿರಬಹುದು.

ಲಾಸ್ ಏಂಜಲೀಸ್‌ನಿಂದ:

ಸರಾಸರಿ ಲೆಕ್ಕ ಸರಿಯೇ, ಆದರೆ ಅದರಿಂದ ಎಲ್ಲ ಬಗೆಹರಿಯುವುದಿಲ್ಲ ಸಾರ್. ನೂರಾರು ಜನ ಒಂದೇ ಕಡೆ ವಾಲಿದರೆ ಸರಾಸರಿಯೂ ಆ ಕಡೆಗೇ ವಾಲುತ್ತದೆ. ನಮ್ಮ ಹತ್ತಿರ ಪಾಸಡೀನಾ ಪಕ್ಕ ಓಕ್ ಗ್ರೋವ್ ಇದೆ. 1975ರಲ್ಲಿ ಎಡ್ ಹೆಡ್ರಿಕ್ ಮಾಡಿದ್ದು, ಈ ಆಟದ ಮೊದಲ ಶಾಶ್ವತ ಕೋರ್ಸ್. ಶುರುವಿನಲ್ಲಿ ಬುಟ್ಟಿಯೇ ಇರಲಿಲ್ಲ, ನೆಟ್ಟ ಕಂಬಕ್ಕೆ ಗುರಿಯಿಟ್ಟು ಎಸೆಯುತ್ತಿದ್ದರು. ನೋಡಲು ಬಂದವರಲ್ಲಿ ಕೆಲವರು ಆ ಇತಿಹಾಸಕ್ಕೇ ಸ್ಟಾರ್ ಕೊಡುತ್ತಾರೆ. ಕೆಲವರು ಇದು ಗಿಡ್ಡ, ಇಷ್ಟೇನಾ ಅಂತ ಕಡಿಮೆ ಕೊಡುತ್ತಾರೆ. ಇಬ್ಬರನ್ನೂ ಸೇರಿಸಿ ತೆಗೆದ ಸರಾಸರಿಯಿಂದ ನನಗೆ ಏನು ತಿಳಿಯಿತು? ಅದಕ್ಕೇ ನಾನು 3 ಸ್ಟಾರ್ ರಿವ್ಯೂಗಳನ್ನು ಹುಡುಕಿ ಓದುತ್ತೇನೆ. 5 ಮತ್ತು 1 ಕೊಟ್ಟವರಲ್ಲಿ ಆವೇಶ ಜಾಸ್ತಿ. 3 ಕೊಟ್ಟವರು ಏನಿದೆ ಏನಿಲ್ಲ ಅಂತ ಬಿಡಿಸಿ ಬರೆಯುತ್ತಾರೆ.

ಬೇ ಏರಿಯಾದಿಂದ:

ಹೆಂಗಸಾಗಿ ಒಂದು ಮಾತು ಸೇರಿಸುತ್ತೇನೆ. ನಾನು ಕಂಡಂತೆ ರಿವ್ಯೂ ಬರೆಯುವವರಲ್ಲಿ ಗಂಡಸರೇ ಜಾಸ್ತಿ. ಗಾಳಿ ಹೇಗಿದೆ, ಎಷ್ಟು ಅಡಿ ದೂರ ಅಂತ ಪುಟಗಟ್ಟಲೆ ಬರೆಯುತ್ತಾರೆ. ಟಾಯ್ಲೆಟ್ ಇದೆಯಾ ಅನ್ನುವುದನ್ನೇ ಬಿಡುತ್ತಾರೆ. ಒಬ್ಬಳೇ ಹೋದರೆ ಫೋನ್ ಸಿಗ್ನಲ್ ಸಿಗುತ್ತದಾ? ಸಂಜೆ ಜನ ಓಡಾಡುತ್ತಾರಾ? ನಮ್ಮ ಕಡೆ ಕಾಡಿನ ಕೋರ್ಸುಗಳಲ್ಲಿ ಪಾಯಿಸನ್ ಓಕ್ ಗಿಡ ಇರುತ್ತದೆ, ತಾಗಿದರೆ ಮೈಯೆಲ್ಲ ತುರಿಕೆ. ಮಕ್ಕಳು ಡಿಸ್ಕ್ ಹುಡುಕಲು ನುಗ್ಗುವುದೇ ಪೊದೆಯೊಳಗೆ. ಇದನ್ನೆಲ್ಲ ಬರೆದರೆ ಆಟದ ಬಗ್ಗೆ ಬರೆಯಿರಿ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಇದೂ ಆಟದ ಬಗ್ಗೆಯೇ.

ಫೋಟೋಗಳನ್ನು ಚೆನ್ನಾಗಿ ನೋಡಿ. ನೆಲ, ಹಾದಿ, ನೆರಳು ಎಲ್ಲ ಫೋಟೋದಲ್ಲಿ ಸಿಗುತ್ತದೆ.

ಕೇಳಿದವರು:

ತುಂಬಾ ಥ್ಯಾಂಕ್ಸ್. ಹಾಗಾದರೆ ನಮ್ಮ 9 ಬುಟ್ಟಿಯ ಕೋರ್ಸಿಗೆ ನಾವು 5 ಕೊಡಬಹುದಾ? ಟೂರ್ನಿ ಆಡುವವರಿಗೆ ದಾರಿ ತಪ್ಪಿಸಿದಂತೆ ಆಗುವುದಿಲ್ಲವೇ?

ಶಾರ್ಲೆಟ್‌ನಿಂದ:

ಧೈರ್ಯವಾಗಿ ಕೊಡಿ. ಜೊತೆಗೆ ನಾಲ್ಕು ಸಾಲು ಬರೆಯಿರಿ. ನಾವು ಹೊಸಬರು, ಮೂರು ತಲೆಮಾರಿನವರು ಸೇರಿ ಆಡಿದೆವು, ಯಾವ ತಿಂಗಳು ಹೋಗಿದ್ದೆವು, ನೆಲ ಸಮತಟ್ಟು, ಬೆಂಚ್ ಇದೆ, ಟಾಯ್ಲೆಟ್ ಎಲ್ಲಿದೆ, ದೂರ ಎಸೆಯುವವರಿಗೆ ಇದು ಸಾಲದು. ಇಷ್ಟು ಇದ್ದರೆ ಯಾರಿಗೂ ದಾರಿ ತಪ್ಪುವುದಿಲ್ಲ. ಟೂರ್ನಿಯವರು ತಾವೇ ಬೇರೆ ಕಡೆ ಹೋಗುತ್ತಾರೆ.

ನಮ್ಮ ಹತ್ತಿರದ ಒಂದು ಚಿಕ್ಕ ಕೋರ್ಸನ್ನು ತೆಗೆದು ಬೇರೆ ಏನೋ ಮಾಡೋಣ ಅನ್ನುವ ಮಾತು ಪಾರ್ಕಿನವರ ಮೀಟಿಂಗಿನಲ್ಲಿ ಬಂದಿತ್ತು. ಇದಕ್ಕೆ ರೇಟಿಂಗೇ ಇಲ್ಲ ನೋಡಿ ಅಂತ ಒಬ್ಬರು ಫೋನ್ ಎತ್ತಿ ತೋರಿಸಿದರು. ದಿನಾ ಅಲ್ಲಿ ಆಡುವ ಮಕ್ಕಳು, ವಯಸ್ಸಾದವರು ಯಾರೂ ಒಂದು ಸಾಲೂ ಬರೆದಿರಲಿಲ್ಲ. ನಿಮ್ಮ ರಿವ್ಯೂ ಈ ವಾರವೇ ಹಾಕಿಬಿಡಿ. ಅಪ್ಪ ಅಮ್ಮ ಊರಿಗೆ ಹೊರಡುವ ಮುಂಚೆ ಅವರನ್ನೂ ಕೇಳಿ, ಅವರು ಹೇಳಿದ್ದನ್ನೂ ಸೇರಿಸಿ.