ಗಾಜಿಗೆ ಅಂಟಿದ ಹಳೇ ಫೋಟೊ, ಕೆಸರಲ್ಲಿ ನೆಂದ ಆಲ್ಬಮ್: ಉಳಿಸೋದು ಹೇಗೆ?

ಪ್ರಶ್ನೆ: ಮಕ್ಕಂದೂರು ಕಡೆಯವ

ಮಳೆಗೆ ಗೋಡೆ ಕುಸಿದ ಮನೆಯೊಂದರಿಂದ ನಿನ್ನೆ ಸಂಜೆ ಸಾಮಾನು ಹೊರಗೆ ತಂದಿದ್ದೇವೆ. ಆ ಮನೆ ಅಜ್ಜಿ ಪಾತ್ರೆಪಗಡೆ, ಬಟ್ಟೆಬರೆ ಏನನ್ನೂ ಕೇಳ್ತಿಲ್ಲ. ಫೋಟೊಗಳನ್ನು ಮಾತ್ರ ಕೇಳ್ತಿದ್ದಾರೆ. ಯಜಮಾನರು ಮಿಲಿಟರಿ ಯೂನಿಫಾರ್ಮಿನಲ್ಲಿರುವ ಕಪ್ಪುಬಿಳುಪು ಫೋಟೊ ಒಂದು, ಫ್ರೇಮಿನೊಳಗೇ ಮುಖದ ಭಾಗ ಗಾಜಿಗೆ ಅಂಟಿದೆ. ಅದು ಅಂಟಿ ವರ್ಷಗಳೇ ಆಗಿರಬೇಕು, ಈಗ ಕೆಳಗಿನ ಅಂಚು ಮಾತ್ರ ಒದ್ದೆ. ಮಗಳ ಮದುವೆ ಆಲ್ಬಮ್ ಕೆಸರು ನೀರಲ್ಲಿ ಪೂರ್ತಿ ನೆಂದಿದೆ, ಕಲರ್ ಪ್ರಿಂಟುಗಳು ಒಂದಕ್ಕೊಂದು ಹತ್ತಿವೆ. ಇನ್ನೊಂದು ಚಿಕ್ಕಂದಿನಲ್ಲೇ ತೀರಿಹೋದ ಮಗನ ಪಾಸ್‌ಪೋರ್ಟ್ ಸೈಜ್ ಫೋಟೊ. ಆ ಹುಡುಗನದ್ದು ಅಂತ ಉಳಿದಿರೋದು ಅದೊಂದೇ, ನೆಗೆಟಿವ್ ಇಲ್ಲ. ಅದರ ಮೇಲೆ ಬಿಳಿ ಬೂಷ್ಟು ಬಂದಿದೆ.

ಕರೆಂಟ್ ಬಂದು ಹೋಗಿ ಮಾಡ್ತಿದೆ. ಒಬ್ಬರು ಬಚ್ಚಲೊಲೆ ಮೇಲೆ ಒಣಗಿಸಿ ಅಂದರು, ಇನ್ನೊಬ್ಬರು ಹೇರ್ ಡ್ರೈಯರ್ ಹಿಡಿಯಿರಿ ಅಂದರು. ಯಾವುದನ್ನು ಮೊದಲು ನೋಡಬೇಕು? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಹಳೇಕಾಗದ

ಎರಡೂ ಬೇಡ. ಬಿಸಿ ತಾಗಿದರೆ ಮೇಲ್ಪದರ ಸುರುಟಿ ಬಿರುಕು ಬಿಡುತ್ತದೆ, ಹತ್ತಿರುವ ಪ್ರಿಂಟುಗಳು ಹಾಗೇ ಗಟ್ಟಿಯಾಗಿ ಕೂರುತ್ತವೆ. ಇನ್ನೊಂದು ಮಾತು, ಅಜ್ಜಿಗೆ ಮೆತ್ತಗೆ ತಿಳಿಸಿ: ಸೆರಗಿನಲ್ಲಿ ಒರೆಸಬಾರದು. ಕೆಸರಾದ ಮುಖ ಕಂಡರೆ ಯಾರ ಕೈಯಾದರೂ ಮೊದಲು ಅದನ್ನೇ ಮಾಡುತ್ತದೆ. ಆದರೆ ಫೋಟೊದ ಚಿತ್ರ ಇರುವುದು ಜಿಲಾಟಿನ್ ಪದರದಲ್ಲಿ. ನೀರು ಕುಡಿದ ಜಿಲಾಟಿನ್ ಉಬ್ಬಿ ಮೆತ್ತಗಾಗಿರುತ್ತದೆ, ಒಂದು ಸಲ ಒರೆಸಿದರೆ ಕಣ್ಣು, ಮೂಗು ಬಟ್ಟೆಗೆ ಬಂದುಬಿಡುತ್ತವೆ. ಆಮೇಲೆ ಯಾವ ಸ್ಟುಡಿಯೊದವರಿಗೂ ಅದನ್ನು ತಂದುಕೊಡಲು ಆಗುವುದಿಲ್ಲ.

ಮೊದಲು ಆಲ್ಬಮ್ ನೋಡಿ, ಅದಕ್ಕೇ ಹೊತ್ತು ಕಡಿಮೆ. ಒದ್ದೆಯಾಗಿ ಸುಮಾರು 48 ಗಂಟೆಯೊಳಗೆ ಬೂಷ್ಟು ಶುರುವಾಗುತ್ತದೆ. ಕಪ್ಪುಬಿಳುಪಿಗಿಂತ ಕಲರ್ ಬೇಗ ಕೆಡುತ್ತದೆ. ಹತ್ತಿರುವುದನ್ನು ಒಣಗಲು ಬಿಡಬೇಡಿ, ಒದ್ದೆ ಇರುವಾಗಲೇ ಬಿಡಿಸಬೇಕು.

ಅಗಲವಾದ ಪ್ಲಾಸ್ಟಿಕ್ ಟ್ರೇನಲ್ಲಿ ಶುದ್ಧ ತಣ್ಣೀರು ಹಾಕಿ. ಮಳೆಗೆ ನಳದ ನೀರು ಕೆಂಪಗೆ ಬರುತ್ತಿದ್ದರೆ ಕುಡಿಯುವ ಫಿಲ್ಟರ್ ನೀರು ಬಳಸಿ. ಆಲ್ಬಮ್ ಹೊಲಿಗೆ ಅಥವಾ ಸ್ಪೈರಲ್ ಕತ್ತರಿಸಿ ಹಾಳೆ ಬೇರೆ ಮಾಡಿ, ಮೂರೋ ನಾಲ್ಕೋ ಹಾಳೆ ಮಾತ್ರ ನೀರಿಗಿಳಿಸಿ. ಅರ್ಧ ಗಂಟೆ ನೆನೆದ ಮೇಲೆ ಒಂದು ಮೂಲೆ ಹಿಡಿದು ನೋಡಿ. ತಾನಾಗಿ ಬಿಟ್ಟರೆ ಬಿಡಿಸಿ, ಬಿಗಿ ಅನ್ನಿಸಿದರೆ ಮತ್ತೆ ನೆನೆಯಲಿ. ಉಗುರು, ಬ್ಲೇಡು ಹಾಕಬೇಡಿ. ಬಿಟ್ಟ ಫೋಟೊವನ್ನು ಅಂಚಲ್ಲಿ ಹಿಡಿದು ನೀರೊಳಗೇ ಮೆಲ್ಲಗೆ ಆಡಿಸಿ. ಹಿಂಬದಿಯ ಕೆಸರನ್ನು ಮೆತ್ತನೆ ಕುಂಚದಲ್ಲಿ ತೆಗೆಯಬಹುದು, ಮುಂಬದಿ ಮುಟ್ಟಬೇಡಿ. ಎರಡು ಮೂರು ಸಲ ನೀರು ಬದಲಿಸಿ. ಅಂಚಿನಲ್ಲಿ ಕೆಂಪು, ಹಳದಿ ಹರಡುತ್ತಿದ್ದರೆ ಪದರ ಕರಗುತ್ತಿದೆ ಅಂತ ಅರ್ಥ. ಅಂಥದ್ದನ್ನು ಕೂಡಲೇ ಹೊರಗೆ ತೆಗೆದು, ಮುಖ ಮೇಲೆ ಮಾಡಿ ಒಣಗಲು ಇಡಿ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದವು ಇದ್ದರೆ ನೀರಿಗೆ ಹಾಕಲೇಬೇಡಿ, ಬಣ್ಣ ಹೋಗುತ್ತದೆ.

ಒಣಗಿಸುವುದು ನೆರಳಲ್ಲಿ, ಬಿಳಿ ಹತ್ತಿ ಬಟ್ಟೆ ಇಲ್ಲವೇ ಬ್ಲಾಟಿಂಗ್ ಪೇಪರ್ ಮೇಲೆ, ಮುಖ ಮೇಲಾಗಿ. ಅಚ್ಚಾದ ಪತ್ರಿಕೆ ಹಾಸಬೇಡಿ, ಮಸಿ ಹತ್ತುತ್ತದೆ. ಫ್ಯಾನ್ ಇದ್ದರೆ ಗೋಡೆ ಕಡೆ ತಿರುಗಿಸಿ, ಗಾಳಿ ನೇರ ಫೋಟೊಗೆ ಬೇಡ. ಜಾಗ ಸಾಲದಿದ್ದರೆ ಹಗ್ಗ ಕಟ್ಟಿ, ಬಿಳಿ ಅಂಚಿಗೆ ಕ್ಲಿಪ್ ಹಾಕಿ ನೇತುಹಾಕಿ.

ಇವತ್ತೇ ಎಲ್ಲ ಮುಗಿಯದು. ಉಳಿದವನ್ನು ಒದ್ದೆಯಾಗಿರುವಾಗಲೇ, ನಡುನಡುವೆ ಬಟರ್ ಪೇಪರ್ ಇಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ. ಫ್ರೀಜರ್ ಒಳ್ಳೆಯದೇ, ಆದರೆ ನಿಮ್ಮಲ್ಲಿ ಕರೆಂಟ್ ಹೋಗಿಬಂದು ಮಾಡಿದರೆ ಕರಗಿ ಮತ್ತೆ ಗಟ್ಟಿಯಾಗಿ ಇನ್ನೂ ಕೆಡುತ್ತದೆ.

ಉತ್ತರ: ಕತ್ತಲೆಕೋಣೆ

ಮೇಲಿನವರು ಆಲ್ಬಮ್ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಉಳಿದೆರಡರ ವಿಷಯ ಬೇರೆ.

ಬೂಷ್ಟು ಬಂದ ಪಾಸ್‌ಪೋರ್ಟ್ ಫೋಟೊಗೆ ನೀರು ಬೇಡವೇ ಬೇಡ. ಬೂಷ್ಟು ಜಿಲಾಟಿನ್ನನ್ನೇ ತಿಂದು ಬದುಕುತ್ತದೆ. ಅದು ತಿಂದ ಜಾಗದ ಪದರ ನೀರಿಗೆ ಕರಗುವಂತಾಗಿರುತ್ತದೆ, ತೊಳೆದರೆ ಬೂಷ್ಟಿನ ಜೊತೆ ಮುಖವೂ ಹೋಗುತ್ತದೆ. ಒಂದೇ ಒಂದು ಫೋಟೊ ಅಂದಮೇಲೆ ಏನು ಮಾಡುವ ಮುಂಚೆಯೂ, ಈಗ ಹೇಗಿದೆಯೋ ಹಾಗೇ, ಬೂಷ್ಟಿನ ಸಮೇತ ಮೊಬೈಲಿನಲ್ಲಿ ನಾಲ್ಕಾರು ಕಾಪಿ ತೆಗೆದಿಡಿ. ಆಮೇಲೆ ಒಂದೆರಡು ದಿನ ನೆರಳಲ್ಲಿ ಒಣಗಲಿ. ಹಸಿ ಬೂಷ್ಟು ಮುಟ್ಟಿದರೆ ಬಳಿದುಕೊಳ್ಳುತ್ತದೆ, ಒಣಗಿದ್ದು ಪುಡಿಯಾಗಿ ಬಿಡುತ್ತದೆ. ಹೊಸದಾದ ಮೆತ್ತನೆ ಮೇಕಪ್ ಬ್ರಷ್ಷಿನಲ್ಲಿ ಮಧ್ಯದಿಂದ ಅಂಚಿಗೆ, ತೂಕ ಹಾಕದೆ, ಜಗಲಿಯಲ್ಲಿ ಕೂತು ತೆಗೆಯಿರಿ. ಮಾಸ್ಕ್ ಹಾಕಿಕೊಳ್ಳಿ, ಅಜ್ಜಿಯನ್ನು ಹತ್ತಿರ ಕೂರಿಸಬೇಡಿ. ಕಲೆ ಉಳಿದರೆ ಉಳಿಯಲಿ.

ನಂತರ ಸ್ಕ್ಯಾನ್. ಈ ಅಳತೆಗೆ 1200 ಡಿಪಿಐ (ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ) ಕೇಳಿ, ವಿವರ ಕಳೆಯದ ಟಿಫ್ (TIFF) ಫೈಲ್ ಆಗಿ. 35×45 ಮಿ.ಮೀ. ಫೋಟೊ 1200ರಲ್ಲಿ ಸ್ಕ್ಯಾನ್ ಆದರೆ ಸುಮಾರು 1650×2125 ಪಿಕ್ಸೆಲ್ ಸಿಗುತ್ತದೆ, 300 ಡಿಪಿಐನಲ್ಲಿ 5.5×7 ಇಂಚಿನ ಪ್ರಿಂಟಿಗೆ ಸಾಕು. ಲೆಕ್ಕಕ್ಕೆ ಅಷ್ಟು ಬಂದರೂ 4×6 ದಾಟಬೇಡಿ, ಅದಕ್ಕಿಂತ ಹಿಗ್ಗಿಸಿದರೆ ಮುಖ ಮಸುಕಾಗುತ್ತದೆ. ಮದುವೆ ಫೋಟೊಗಳಿಗೆ 600 ಸಾಕು.

ಗಾಜಿಗೆ ಅಂಟಿದ್ದು: ವರ್ಷಗಳ ಹಿಂದೆ ಅಂಟಿದ್ದನ್ನು ಬಿಡಿಸಲು ಹೋಗಬೇಡಿ. ನೆನೆಸಿದರೆ ಕೆಲವು ಬಿಡುತ್ತವೆ, ಕೆಲವು ಪದರ ಸಮೇತ ಗಾಜಿನಲ್ಲೇ ಉಳಿಯುತ್ತವೆ, ಯಾವುದು ಹೇಗೆ ಅಂತ ಮೊದಲೇ ತಿಳಿಯುವುದಿಲ್ಲ. ಹಿಂದಿನ ಮೊಳೆ, ಒದ್ದೆ ರಟ್ಟು ತೆಗೆದು ಫೋಟೊವನ್ನು ಗಾಜಿನ ಸಮೇತ ಮಲಗಿಸಿ ಒಣಗಿಸಿ. ರಟ್ಟೂ ಹಿಂಬದಿಗೆ ಅಂಟಿದ್ದರೆ ಎಳೆಯಬೇಡಿ. ಗಾಜಿನ ಹೊರಮೈಯನ್ನು ಮಾತ್ರ, ಹಿಂಡಿದ ಬಟ್ಟೆಯಲ್ಲಿ ಒರೆಸಿ.

ಕಾಪಿ ಗಾಜಿನ ಮೂಲಕವೇ ತೆಗೆಯಬೇಕು. ಕಿಟಕಿ ಬೆಳಕು ಪಕ್ಕದಿಂದ ಬರುವಂತೆ ಫೋಟೊ ನಿಲ್ಲಿಸಿ, ಎದುರಿಗೆ ಕಪ್ಪು ಬಟ್ಟೆ ಕಟ್ಟಿ, ಅದರ ತೂತಿನಿಂದ ಮೊಬೈಲ್ ಲೆನ್ಸ್ ಮಾತ್ರ ಇಣುಕಲಿ. ಫ್ಲ್ಯಾಶ್ ಬೇಡ. ಎರಡು ಅಡಿ ಹಿಂದೆ ಸರಿದು 2x ಜೂಮ್ ಇಟ್ಟು ತೆಗೆದರೆ ಮುಖ ಸೊಟ್ಟ ಬರುವುದಿಲ್ಲ. ಅಂಟಿದ ಭಾಗ ಗಾಢವಾಗಿ, ಉಳಿದದ್ದು ತಿಳಿಯಾಗಿ ಕಾಣುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ಸರಿ ಮಾಡಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಉಪಕಾರ. ಆಲ್ಬಮ್ ಕೆಲಸ ಶುರು ಮಾಡಿದ್ದೇವೆ, ಹಾಳೆಗಳು ಬಿಡುತ್ತಿವೆ. ಹುಡುಗನ ಫೋಟೊವನ್ನು ಎಐ ಆಪ್‌ಗೆ ಹಾಕಿದರೆ ಚೆನ್ನಾಗಿ ಬರುತ್ತೆ ಅಂತ ಹುಡುಗರು ಹೇಳ್ತಿದ್ದಾರೆ. ಹಾಕಬಹುದಾ?

ಉತ್ತರ: ಕತ್ತಲೆಕೋಣೆ

ಬೇಡ ಅಂತಲೇ ಹೇಳ್ತೇನೆ. ಬೂಷ್ಟು ತಿಂದ ಜಾಗದಲ್ಲಿ ಏನಿತ್ತು ಅಂತ ಆಪ್‌ಗೆ ಗೊತ್ತಿರುವುದಿಲ್ಲ. ಬೇರೆ ಸಾವಿರ ಮಕ್ಕಳ ಮುಖ ನೋಡಿ ಕಲಿತದ್ದನ್ನು ಅಲ್ಲಿ ತುಂಬುತ್ತದೆ. ಕಣ್ಣು ಹೊಳೆಯುತ್ತದೆ, ಚರ್ಮ ನುಣ್ಣಗಾಗುತ್ತದೆ, ಹುಬ್ಬಿನ ಓರೆ, ಹಲ್ಲಿನ ಸಂದು ಮಾಯ. ನಮಗೆ ಚಂದದ ಫೋಟೊ, ಹೆತ್ತವಳಿಗೆ ಅದು ಯಾರೋ ಬೇರೆ ಹುಡುಗ. ಮನೆಯ ಫೋಟೊ ಹೋದ ದುಃಖಕ್ಕಿಂತ ಇದು ಕೆಟ್ಟದು. ಅದನ್ನು ಅವರ ಕೈಗೆ ಕೊಡಬೇಡಿ.

ಕೈಯಲ್ಲೇ ರಿಟಚ್ ಮಾಡುವವರಿಗೆ ಕೊಡಿ. ಹಿನ್ನೆಲೆ, ಅಂಗಿ, ಅಂಚು ಸರಿಪಡಿಸಲಿ. ಕಣ್ಣು, ಬಾಯಿ, ಮೂಗಿನ ಹತ್ತಿರ ಚುಕ್ಕೆ ಮುಚ್ಚುವುದರ ಹೊರತು ಏನೂ ಬೇಡ ಅಂತ ಮೊದಲೇ ಹೇಳಿ. ಪ್ರಿಂಟ್ ಹಾಕಿಸುವ ಮುಂಚೆ ಅಜ್ಜಿಗೆ ತೋರಿಸಿ. ಲ್ಯಾಮಿನೇಷನ್ ಯಾವುದಕ್ಕೂ ಮಾಡಿಸಬೇಡಿ, ಮತ್ತೆ ಬಿಡಿಸಲು ಆಗುವುದಿಲ್ಲ.

ಉತ್ತರ: ನಡುಬಾಡೆ

ಮುಂದಿನ ಮಳೆಗಾಲದ ಬಗ್ಗೆ ಒಂದೆರಡು. ಐನ್‌ಮನೆಗಳಲ್ಲಿ (ಕೊಡಗಿನ ಮನೆತನಗಳ ಮೂಲಮನೆ), ಹಳೇ ಮಣ್ಣುಗೋಡೆ ಮನೆಗಳಲ್ಲಿ ಹಿರಿಯರ ಫೋಟೊ ಹೆಚ್ಚಾಗಿ ಕೆಡುವುದು ಕೆಳಗಿನ ಅಂಚಿನಿಂದ. ಹಸಿ ಹೂಮಾಲೆ ಹಾಕುತ್ತೇವೆ, ಅದರ ನೀರು ಗಾಜಿನ ಮೇಲೆ ಇಳಿದು ಫ್ರೇಮಿನ ಸಂದಿನಲ್ಲಿ ನಿಲ್ಲುತ್ತದೆ. ಗಾಜಿಗೆ ಹಚ್ಚಿದ ಗಂಧ, ಕುಂಕುಮವೂ ಕರಗಿ ಅಲ್ಲಿಗೇ ಬರುತ್ತದೆ. ಹಿಂದಿನಿಂದ ಗೋಡೆಯ ತೇವ. ಇಷ್ಟು ಸಾಕು ಫೋಟೊ ಗಾಜಿಗೆ ಅಂಟಲು.

ಆದ್ದರಿಂದ ಗೋಡೆಗೆ ಕಾಪಿ ಹಾಕಿ, ಮಾಲೆ, ಕುಂಕುಮ ಎಲ್ಲ ಅದಕ್ಕೇ ಸಲ್ಲಲಿ. ಫ್ರೇಮ್ ಕಟ್ಟುವವರಿಗೆ ಗಾಜಿಗೂ ಫೋಟೊಗೂ ನಡುವೆ, ಮಧ್ಯ ಕಿಟಕಿಯಂತೆ ಕತ್ತರಿಸಿದ ದಪ್ಪ ರಟ್ಟು (ಮೌಂಟ್ ಬೋರ್ಡ್) ಹಾಕಿ 2–3 ಮಿ.ಮೀ. ಸಂದು ಬಿಡಲು ಹೇಳಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕ್ ತುಂಡು ಅಂಟಿಸಿದರೆ ಗೋಡೆಗೆ ತಾಗುವುದಿಲ್ಲ. ಅಸಲು ಫೋಟೊ ಪೂರ್ತಿ ಒಣಗಿದ ಮೇಲೆ ಕಾಗದದ ಲಕೋಟೆಯಲ್ಲಿ ಹಾಕಿ, ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳಿನ ಜೊತೆ ಇಡಿ. ಬಣ್ಣ ಬದಲಾಗುವ ಜೆಲ್ ತನ್ನಿ. ನೀಲಿ ಗುಲಾಬಿಯಾದರೆ, ಅಥವಾ ಕಿತ್ತಳೆ ಹಸಿರಾದರೆ ತೇವ ತುಂಬಿದೆ ಅಂತ. ಅಂಗಡಿಯವರು ಹೇಳಿದ ಬಿಸಿಯಲ್ಲಿ ಒಣಗಿಸಿ ಮತ್ತೆ ಹಾಕಬಹುದು. ಪಿವಿಸಿ ಪ್ಲಾಸ್ಟಿಕ್ ಕವರ್, ಅಂಟು ಹಾಳೆಯ ಆಲ್ಬಮ್ ಬೇಡ. ನಮ್ಮಲ್ಲಿ ಬೀರುವಿನೊಳಗೆ ಬಲ್ಬ್ ಹಚ್ಚಿಡುವ ಅಭ್ಯಾಸ ಬಟ್ಟೆಗೆ ಸರಿ, ಫೋಟೊಗೆ ಆ ಬಿಸಿ, ಬೆಳಕು ಎರಡೂ ಆಗದು.

ಇನ್ನೊಂದು, ಇದನ್ನು ಮುಂದೂಡಬೇಡಿ. ಆಲ್ಬಮ್ ಒಣಗುತ್ತಿರುವಾಗಲೇ ಅಜ್ಜಿಯನ್ನು ಕೂರಿಸಿಕೊಂಡು ಒಬ್ಬೊಬ್ಬರ ಹೆಸರು, ಮನೆತನ, ಊರು ಕೇಳಿ ಬರೆದುಕೊಳ್ಳಿ. ಆ ಮದುವೆಯಲ್ಲಿ ನಿಂತವರನ್ನೆಲ್ಲ ಗುರುತಿಸಬಲ್ಲವರು ಇನ್ನು ಅವರೊಬ್ಬರೇ ಇರಬಹುದು. ಕಲರ್ ಪ್ರಿಂಟಿನ ಹಿಂದೆ ಪೆನ್ಸಿಲ್ ಹತ್ತುವುದಿಲ್ಲ, ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಮೂಡುತ್ತದೆ. ಲಕೋಟೆಯ ಮೇಲೆ ಬರೆಯಿರಿ, ಬರೆದಾದ ಮೇಲೆಯೇ ಫೋಟೊ ಒಳಗೆ ಹಾಕಿ.