ಒಬ್ಬನೇ ಹಾರುವುದಕ್ಕೆ ಎಷ್ಟು ಜನ ಬೇಕು?

ಈಗ ಎಲ್ಲರಿಗೂ ಒಬ್ಬರೇ ಇರಬೇಕು. ಒಬ್ಬರೇ ಪ್ರವಾಸ, ಒಬ್ಬರೇ ಊಟ, ಒಬ್ಬರೇ ಸಿನಿಮಾ. ಅದಕ್ಕೆ ಸೋಲೋ ಅಂತ ಹೆಸರು, ಬಂದ ಮೇಲೆ ನಾನೂರು ಜನಕ್ಕೆ ಫೋಟೋ. ನಮ್ಮ ಸೀನ ಇವರೆಲ್ಲರಿಗಿಂತ ಒಂದು ಕೈ ಮೇಲೆ. ನಿಜವಾಗಿಯೂ ಮೇಲೆ. ಒಬ್ಬನೇ ಹಾರುವ ಬಿಸಿಗಾಳಿ ಬಲೂನು ಹೊಲಿಯುತ್ತಾನಂತೆ.

“ಬುಟ್ಟಿಯೇ ಇಲ್ಲ,” ಅಂದ, ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿ. “ಪಟ್ಟಿ ಬಿಗಿದುಕೊಂಡು ಕೂರುವುದು. ಬೆನ್ನಿಗೆ ಗ್ಯಾಸ್ ಸಿಲಿಂಡರ್, ತಲೆ ಮೇಲೆ ಬರ್ನರ್. ಕ್ಲೌಡ್‌ಹಾಪರ್ ಅನ್ನುತ್ತಾರೆ.”

“ಬೆನ್ನಿಗೆ ಭಾರ, ತಲೆ ಮೇಲೆ ಬೆಂಕಿ. ನಾವು ಅದಕ್ಕೆ ಸಂಸಾರ ಅನ್ನುತ್ತೇವೆ,” ಅಂದೆ.

ಮೇಷ್ಟ್ರು ಕನ್ನಡಕ ಏರಿಸಿ ಲೆಕ್ಕ ನೋಡಿದರು. ಲೆಕ್ಕ ಕಂಡರೆ ಅವರಿಗೆ ತಡೆಯುವುದಿಲ್ಲ. ಹೊರಗೆ 15 ಡಿಗ್ರಿ, ಒಳಗೆ 100 ಡಿಗ್ರಿ ಇದ್ದರೆ ಒಂದು ಘನ ಮೀಟರ್ ಬಿಸಿಗಾಳಿ ಎತ್ತುವುದು ಸುಮಾರು 280 ಗ್ರಾಂ.

“ಅಷ್ಟೇನಾ?” ಅಂದಳು ಪದ್ದು. “ಬೀರು ತುಂಬ ಗಾಳಿ ಕಾಯಿಸಿದರೆ ಒಂದು ಚಪ್ಪಲಿ ಏಳುತ್ತದೆ!”

“ಇನ್ನೂ ಕಾಯಿಸಪ್ಪ, ಯಾರು ಬೇಡ ಅಂದರು?” ಅಂದೆ ಸೀನನಿಗೆ.

“ನೈಲಾನ್ ಬಟ್ಟೆ. 120ರ ಮೇಲೆ ಹೋದರೆ ಹಾಳಾಗುತ್ತದೆ. ಉರಿ ತಾಗುವ ಬಾಯಿಯ ಹತ್ತಿರ ಮಾತ್ರ ನೊಮೆಕ್ಸ್ ಅನ್ನುವ, ಬೆಂಕಿ ತಡೆಯುವ ಬಟ್ಟೆ ಹಾಕುತ್ತಾರೆ.”

ಸೀನ ತನ್ನನ್ನು 75 ಕಿಲೋ ಅಂತ ಬರೆದುಕೊಂಡಿದ್ದ. ತುಂಬಿದ ಸಿಲಿಂಡರ್ 40, ಬರ್ನರ್ ಮತ್ತು ಪಟ್ಟಿ 15, ಬಟ್ಟೆ 30. ಒಟ್ಟು 160. ಅಂದರೆ 600 ಘನ ಮೀಟರಿನ ಬಲೂನು, ಅಡ್ಡಗಲ ಹತ್ತೂವರೆ ಮೀಟರ್. ಒಬ್ಬ ಸೀನನನ್ನು ಎತ್ತುವುದಕ್ಕೆ ಮೂರಂತಸ್ತಿನ ಮನೆಯಷ್ಟು ಗಾಳಿ!

“ಹೊಲಿಯುವವರು ಯಾರು?” ಅಂದಳು ಪದ್ದು. ಅವಳ ಮನೆಯಲ್ಲಿ ಮಿಷನ್ ಇದೆ, ಅದಕ್ಕೇ ಆ ಗಾಬರಿ. ಉದ್ದುದ್ದ ಹೋಳು 22, ಒಂದೊಂದು ಹೊಲಿಗೆ 16 ಮೀಟರ್. ಎರಡು ಅಂಚನ್ನೂ ಒಂದರೊಳಗೊಂದು ಮಡಚಿ ಎರಡು ಸಾಲು ಹೊಲಿಗೆ ಹಾಕಬೇಕು. ಒಬ್ಬರು ಪೆಡಲ್ ತುಳಿಯಬೇಕು, ಇನ್ನೊಬ್ಬರು ಹಿಂದೆ ನಿಂತು ಬಟ್ಟೆ ಎಳೆಯಬೇಕು. ಬಿಟ್ಟರೆ ಜಾರುತ್ತದೆ, ಹಾಳಾದ ನೈಲಾನ್.

“ಆಯಿತು, ಇಬ್ಬರು,” ಅಂದೆ. “ಮುಂದೆ?”

“ಮೊದಲು ಫ್ಯಾನ್ ಇಟ್ಟು ತಣ್ಣನೆ ಗಾಳಿ ತುಂಬಬೇಕು. ಬಾಯಿ ಅಗಲಿಸಿ ಹಿಡಿಯುವುದಕ್ಕೆ ಇಬ್ಬರು.”

“ನಾಲ್ಕು.”

“ನೆತ್ತಿಯ ಹಗ್ಗ ಹಿಡಿಯುವುದಕ್ಕೆ ಒಬ್ಬರು. ಇಲ್ಲದಿದ್ದರೆ ಏಳುವಾಗ ಓಲಾಡುತ್ತದೆ.”

“ಐದು.”

“ಆಮೇಲೆ ಗಾಡಿಯಲ್ಲಿ ಹಿಂದೆ ಬರುವವರು. ಬಲೂನಿಗೆ ಸ್ಟೀರಿಂಗ್ ಇಲ್ಲ ನೋಡು. ಮೇಲೆ ಒಂದು ಕಡೆ ಗಾಳಿ, ಕೆಳಗೆ ಇನ್ನೊಂದು ಕಡೆ, ಏರಿ ಇಳಿದು ಹುಡುಕಿಕೊಳ್ಳಬೇಕು. ಎಲ್ಲಿ ಇಳಿಯುತ್ತೇನೋ ನನಗೇ ಗೊತ್ತಿಲ್ಲ.”

“ಆರು. ಮದುವೆ ದಿಬ್ಬಣಕ್ಕೆ ಇದಕ್ಕಿಂತ ಕಡಿಮೆ ಜನ ಸಾಕಾಗುತ್ತಾರೆ, ಅಲ್ವಾ ಮೇಷ್ಟ್ರೇ?”

ಮೇಷ್ಟ್ರು ಇತಿಹಾಸಕ್ಕೆ ಜಾರಿದ್ದರು. 1783ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಮಾಂಟ್‌ಗಾಲ್ಫಿಯರ್ ಸೋದರರು ವರ್ಸೇಲ್ಸ್‌ನಲ್ಲಿ ಬಲೂನು ಬಿಟ್ಟಾಗ ಅದರಲ್ಲಿ ಕುರಿ, ಬಾತುಕೋಳಿ, ಹುಂಜ ಇದ್ದವು.

“ನೋಡು, ಕುರಿಯನ್ನೂ ಒಂಟಿಯಾಗಿ ಕಳಿಸಲಿಲ್ಲ!” ಅಂದೆ. “ನವೆಂಬರಿನಲ್ಲಿ ಮನುಷ್ಯರು ಹೋದರಲ್ಲ, ಅವರೂ ಇಬ್ಬರು.”

“ಅಮೆರಿಕದ ಎಡ್ ಯೋಸ್ಟ್ 1960ರಲ್ಲಿ ಒಬ್ಬರೇ ಹಾರಿದರು,” ಅಂದ ಸೀನ, ಕೊಂಚ ಸಿಟ್ಟಿನಿಂದ. “ಪ್ರೊಪೇನ್ ಬರ್ನರ್ ಇಟ್ಟುಕೊಂಡು. ಈಗಿನ ಬಲೂನುಗಳೆಲ್ಲ ಅದರ ಮಕ್ಕಳೇ.”

“ಹಗ್ಗ ಹಿಡಿದವರ ಹೆಸರು ಯಾರೂ ಬರೆದಿಡುವುದಿಲ್ಲ ಬಿಡು.”

ಅವನು ಲ್ಯಾಪ್‌ಟಾಪ್ ಅರ್ಧ ಮುಚ್ಚಿದ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಬರ್ನರ್ ಆರಿಸಿದಾಗ ಏನಾಗುತ್ತದೆ ಗೊತ್ತಾ?” ಅಂದ. “ಗಾಳಿಯ ಜೊತೆಗೇ ಹೋಗುತ್ತೀಯಲ್ಲ, ಮುಖಕ್ಕೆ ಗಾಳಿ ತಾಗುವುದೇ ಇಲ್ಲ. ಕೂದಲು ಅಲ್ಲಾಡುವುದಿಲ್ಲ. ಕೆಳಗೆ ನಾಯಿ ಬೊಗಳುವುದು ಕೇಳುತ್ತದಂತೆ. ಬಾಗಿಲು ಹಾಕಿದ ಸದ್ದು ಕೇಳುತ್ತದಂತೆ. ಯಾರೂ ನಿನ್ನನ್ನು ಕರೆಯುತ್ತಿರುವುದಿಲ್ಲ.”

“ಎಷ್ಟು ಹೊತ್ತು?”

“ಒಂದು ಸಿಲಿಂಡರಿಗೆ ಒಂದು ಗಂಟೆ.”

ಪದ್ದು ತನ್ನ ಮಿಷನ್ನಿಗೆ ಅಂಥ ತೆಳು ಬಟ್ಟೆ ಆಗುತ್ತದೋ ಇಲ್ಲವೋ ನೋಡುತ್ತೇನೆ ಅಂದಳು. ಮೇಷ್ಟ್ರು ಹಗ್ಗ ನಾನು ಹಿಡಿಯುತ್ತೇನೆ ಅಂದರು, ಹಗ್ಗ ಹಿಡಿದರೆ ಮಂಡಿ ಬಗ್ಗಿಸಬೇಕಾಗಿಲ್ಲ ಅನ್ನುವುದು ಅವರ ಲೆಕ್ಕ. ಗಾಡಿ ನನ್ನದೇ ಅಂತ ಆಯಿತು, ನನ್ನನ್ನು ಕೇಳದೆಯೇ.

ಎಲ್ಲರೂ ಎದ್ದು ಹೊರಟ ಮೇಲೆ ನಾನು ಚಪ್ಪಲಿ ಹುಡುಕುವ ನೆಪದಲ್ಲಿ ಹಿಂದೆ ಉಳಿದೆ.

“ಸೀನ, ಆ 75 ಅಂತ ಹಾಕಿದ್ದೀಯಲ್ಲ.”

“ಹೂಂ.”

“ಸುಮ್ನೆ ಕೇಳಿದೆ. 82 ಇದ್ದರೆ?”

ಅವನು ನನ್ನ ಮುಖ ನೋಡಲಿಲ್ಲ. ಪೆನ್ಸಿಲ್ ತೆಗೆದುಕೊಂಡು ಮೂಲೆಯಲ್ಲಿ ಭಾಗಿಸಿದ.

“25 ಘನ ಮೀಟರ್ ಜಾಸ್ತಿ,” ಅಂದ. “ಹೊಲಿದುಬಿಡೋಣ.”