ಮದುವೆ ಒಡವೆಗೆ ಪೂರ್ತಿ ಕ್ಯಾಶ್: ಬಿಲ್ಲು ಒಡೆದು ಹಾಕಬಹುದಾ?

ಪೇಟೆ_ಲೆಕ್ಕ:
ನಗರ್ತಪೇಟೆಯ ಚಿನ್ನದಂಗಡಿಯ ಲೆಕ್ಕದ ಪ್ರಶ್ನೆ. ಒಂದು ಕಾಸಿನ ಸರ, 5.4 ಲಕ್ಷ. ಪೂರ್ತಿ ಕ್ಯಾಶ್ ಕೊಡ್ತೀವಿ, ಅಪ್ಪ, ಮಾವ, ಅಣ್ಣನ ಹೆಸರಲ್ಲಿ 1.8 ಲಕ್ಷದ ಮೂರು ಬಿಲ್ ಹಾಕಿ ಅಂತಾರೆ ಗಿರಾಕಿ. ನಡೆಯುತ್ತಾ? ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ತಗಲುತ್ತಾ?

ಖಾತೆಕಿರ್ದಿ:
ಸರ ಒಂದು, ಬಿಲ್ಲು ಮೂರು. ಸಿಕ್ಕಿಬೀಳೋದೇ ಅಲ್ಲಿ. ಕ್ಯಾಶ್ ತಗೊಳ್ಳೋಕೆ ಆದಾಯ ತೆರಿಗೆ ಕಾಯ್ದೆ ಹಾಕಿರೋ 2 ಲಕ್ಷದ ಮಿತಿ ಒಬ್ಬರಿಂದ ದಿನಕ್ಕೆ ಎಷ್ಟು ಅಂತ ಮಾತ್ರ ನೋಡಲ್ಲ. ಒಂದೇ ವ್ಯವಹಾರಕ್ಕೆ ಎಷ್ಟು, ಒಂದೇ ಸಮಾರಂಭಕ್ಕೆ ಒಬ್ಬರಿಂದ ಎಷ್ಟು ಅಂತಲೂ ನೋಡುತ್ತೆ. ಮೂರು ದಿನ ಬಿಟ್ಟುಬಿಟ್ಟು ತಗೊಂಡ್ರೂ ಅಷ್ಟೇ. ಮಿತಿಯೂ ‘2 ಲಕ್ಷ ಅಥವಾ ಹೆಚ್ಚು’, ಅಂದ್ರೆ 1,99,999ಕ್ಕೆ ನಿಲ್ಲಬೇಕು. ದಂಡ ಬೀಳೋದು ಗಿರಾಕಿಗಲ್ಲ, ಅಂಗಡಿಗೆ, ತಗೊಂಡಷ್ಟೇ ಮೊತ್ತ. ಬಿಲ್ ನಂಬರ್ ಬೆನ್ನುಬೆನ್ನಿಗೆ, ಮೂರರಲ್ಲೂ ಒಂದೇ ಮೊಬೈಲ್, ಮೂರರ ತೂಕ ಕೂಡಿದ್ರೆ ಸ್ಟಾಕಿನ ಒಂದೇ ಟ್ಯಾಗು. ಇದನ್ನ ಹಿಡಿಯೋಕೆ ದೊಡ್ಡ ಅಧಿಕಾರಿಯೇ ಬೇಕಿಲ್ಲ.

ವರದಿಗಾರ_ಬ್ಯಾಂಕು:
ಪಿಎಂಎಲ್‌ಎ ಬೇರೆ ಲೆಕ್ಕ. 2020ರ ಡಿಸೆಂಬರ್ 28ರ ಅಧಿಸೂಚನೆ ಪ್ರಕಾರ, ಒಬ್ಬ ಗಿರಾಕಿ ಜೊತೆ 10 ಲಕ್ಷ ಅಥವಾ ಹೆಚ್ಚು ಕ್ಯಾಶ್ ವ್ಯವಹಾರ ಮಾಡೋ ಚಿನ್ನದ ವ್ಯಾಪಾರಿ ಅದರ ವ್ಯಾಪ್ತಿಗೆ ಬರ್ತಾನೆ. ಒಂದೇ ಸಲ ಆಗಬೇಕಿಲ್ಲ, ಒಂದಕ್ಕೊಂದು ನಂಟಿರೋ ಚಿಲ್ಲರೆ ಬಿಲ್ಲುಗಳನ್ನೂ ಕೂಡಿಸ್ತಾರೆ. 1.8 ಲಕ್ಷದ ಆರು ಬಿಲ್ ಅಂದ್ರೆ 10.8. ಅವು ಒಂದೇ ತಿಂಗಳಲ್ಲಿ ಆಗಿದ್ರೆ ಮುಂದಿನ ತಿಂಗಳ 15ರೊಳಗೆ ಹಣಕಾಸು ಗುಪ್ತಚರ ಘಟಕಕ್ಕೆ ನಗದು ವರದಿ ಹೋಗಬೇಕು. ದಾಖಲೆ 5 ವರ್ಷ ಇಡಬೇಕು.

ನಾನಾದ್ರೆ ಇದಕ್ಕಿಂತ ಹೆಚ್ಚು ಹೆದರೋದು ಆರ್ಡರ್ ಕ್ಯಾನ್ಸಲ್‌ಗೆ. ಕ್ಯಾಶಲ್ಲಿ ಅಡ್ವಾನ್ಸ್ ಕೊಡ್ತಾರೆ, ವಾರ ಬಿಟ್ಟು ‘ಡಿಸೈನ್ ಬೇಡ’ ಅಂತ ಬಂದು ತಮ್ಮನ ಖಾತೆಗೆ ಆರ್‌ಟಿಜಿಎಸ್ ಮಾಡಿ ಅಂತಾರೆ. ಎಲ್ಲಿಂದ ಬಂತೋ ಗೊತ್ತಿಲ್ಲದ ನೋಟು ನಿಮ್ಮ ಅಂಗಡಿ ಹೆಸರಿನ ಬ್ಯಾಂಕ್ ಹಣ ಆಗಿ ಹೊರಗೆ ಹೋಯ್ತು. ರಸೀದಿಯಲ್ಲಿರೋ ಹೆಸರಿನ ಖಾತೆ ಬಿಟ್ಟು ಬೇರೆಲ್ಲಿಗೂ ವಾಪಸ್ ಮಾಡಬೇಡಿ.

ಪೇಟೆ_ಲೆಕ್ಕ:
ಅನುಮಾನ ಬಂದು ‘ಆಗಲ್ಲ’ ಅಂತ ಕಳಿಸಿದ್ರೆ ಮುಗೀತಾ?

ವರದಿಗಾರ_ಬ್ಯಾಂಕು:
ಅಂಗಡಿ ಪಿಎಂಎಲ್‌ಎ ವ್ಯಾಪ್ತಿಯಲ್ಲಿದ್ರೆ ಮುಗಿಯಲ್ಲ. ವ್ಯವಹಾರಕ್ಕೆ ಪ್ರಯತ್ನಪಟ್ಟಿದ್ದೂ ಆ ಘಟಕಕ್ಕೆ ಕೊಡೋ ಅನುಮಾನಾಸ್ಪದ ವ್ಯವಹಾರದ ವರದಿಗೆ ಬರುತ್ತೆ. ವರದಿ ಹಾಕಿದ್ದು ಗಿರಾಕಿಗೆ ಗೊತ್ತಾಗಬಾರದು, ಕೌಂಟರ್ ಹುಡುಗರಿಗೂ ಹೇಳೋ ಅಗತ್ಯ ಇಲ್ಲ.